ಉಗುರಿಗೂ ತಿಂಗಳ ಕಂತು ಬೇಕಾ, ಸ್ವಲ್ಪ ಯೋಚನೆ ಮಾಡೋಣ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮದುವೆಯಾಗಿ ಈ ಊರಿಗೆ ಬಂದಾಗಿಂದ ನಿಮ್ಮ ಪತ್ರಿಕೆ ಓದ್ತಾ ಇದೀನಿ, ಬರೀತಾ ಇರೋದು ಮಾತ್ರ ಇದೇ ಮೊದಲು. ಆನೆ ಕಾಟ, ರೋಡಿನ ಗುಂಡಿ, ಕಾಫಿ ರೇಟು ಬರೆಯೋ ಜಾಗದಲ್ಲಿ ಉಗುರಿನ ವಿಷಯನಾ ಅಂತ ಕೆಲವರಿಗೆ ಅನ್ನಿಸಬಹುದು, ಆದ್ರೂ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಹೋದ ಸೆಪ್ಟೆಂಬರ್‌ನಲ್ಲಿ ನಮ್ಮ ಭಾವನ ಮಗಳು, ಇನ್ನೂ ಪಿಯುಸಿ ಓದೋ ಹುಡುಗಿ, ಹತ್ತೂ ಬೆರಳ ತುದಿ ಊದಿಸ್ಕೊಂಡು, ಕಣ್ಣಿನ ರೆಪ್ಪೆ ಮೇಲೆಲ್ಲ ಕೆಂಪಗಾಗಿ, "ಚಿಕ್ಕಮ್ಮ, ಅಪ್ಪಂಗೆ ಹೇಳ್ಬೇಡಿ" ಅಂತ ನಮ್ಮನೆ ಜಗಲಿ ಮೇಲೆ ಬಂದು ಕೂತ್ಕೊಂಡ್ಲು. ಅದಕ್ಕೆಲ್ಲ ಕಾರಣ ಜೆಲ್ ಪಾಲಿಶ್, ಅಂದ್ರೆ ಲ್ಯಾಂಪಿನ ಬೆಳಕಲ್ಲಿ ಗಟ್ಟಿ ಮಾಡೋ ಉಗುರ ಬಣ್ಣ. ಅವಳಿಗೆ ಅದರ ಆಸೆ ಹುಟ್ಟಿಸಿದ್ದು ಟಿವಿ ಅಲ್ಲ, ಇನ್‌ಸ್ಟಾಗ್ರಾಮೂ ಅಲ್ಲ, ನನ್ನ ಕೈ. ಚಿಕ್ಕವಳಿದ್ದಾಗಿಂದ ನನ್ನ ಬೆರಳು ಹಿಡ್ಕೊಂಡು "ಈ ಸಲ ಯಾವ ಕಲರ್ ಚಿಕ್ಕಮ್ಮ" ಅಂತ ಕೇಳ್ತಿದ್ಲು. ಅದಕ್ಕೇ ಈ ಪತ್ರ.

ನಮ್ಮದು ಸೋಮವಾರಪೇಟೆ ಕಡೆ, 4 ಎಕರೆ ಕಾಫಿ, ಮರಕ್ಕೆ ಹಬ್ಬಿರೋ ಮೆಣಸು, ನಾನು ಕುಶಾಲನಗರದಲ್ಲಿ ಒಂದು ಆಫೀಸಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಹೋಗ್ತೀನಿ. 2017ರಿಂದ ಪಾರ್ಲರ್ ಅಭ್ಯಾಸ ಹತ್ತಿತು. ಮೊದಲು ಐಬ್ರೋ ಮಾತ್ರ, ಆಮೇಲೆ ಫೇಶಿಯಲ್, ಆಮೇಲೆ ಪೆಡಿಕ್ಯೂರ್, ಆಮೇಲೆ ಜೆಲ್ ಉಗುರು. ಜೆಲ್ ಅಂದ್ರೆ 3 ವಾರಕ್ಕೊಂದು ಸಲ ಹೋಗಲೇಬೇಕು, ಇಲ್ಲಾಂದ್ರೆ ಬುಡದಲ್ಲಿ ಗ್ಯಾಪ್ ಕಾಣುತ್ತೆ. ಹೋದಾಗ ಅಲ್ಲೇ ಮುಂದಿನ ತಾರೀಖು ಬರ್ಕೊಂಡು ಬರೋದು, ಕರೆಂಟ್ ಬಿಲ್ಲು ಚೀಟಿ ಸಂಘದ ಕಂತು ಇದ್ದ ಹಾಗೆ. ಲೆಕ್ಕ ಬರೆಯೋಳೇ ಆದ್ರೂ ಇದರ ಲೆಕ್ಕ ಮಾತ್ರ ಹಾಕಿರ್ಲಿಲ್ಲ, ಲಾಕ್‌ಡೌನ್‌ನಲ್ಲಿ ಕೂತು 2019ರ ಡೈರಿ ತೆಗೆದು ಕೂಡಿಸಿದ್ರೆ ಹತ್ರ ಹತ್ರ 33 ಸಾವಿರ ಆಗಿತ್ತು. ಆ ವರ್ಷ ಕಾಫಿಗೆ ರೇಟೂ ಇರ್ಲಿಲ್ಲ. ದುಡ್ಡಿನ ಮಾತು ಇಷ್ಟಕ್ಕೇ ಬಿಡ್ತೀನಿ, ದುಡಿಯೋ ಹೆಂಗಸು ತನಗೆ ಬೇಕಾದ್ದಕ್ಕೆ ಖರ್ಚು ಮಾಡ್ಕೊಂಡ್ರೆ ಯಾರೂ ಕೇಳೋ ಹಾಗಿಲ್ಲ. ನನ್ನ ತಕರಾರು ಆ ತಾರೀಖು ಬರ್ಕೊಂಡು ಬರೋದರ ಮೇಲೆ.

2020ರ ಮಾರ್ಚ್ ನಿಮಗೆಲ್ಲ ನೆನಪಿರುತ್ತೆ. ದೇಶಕ್ಕೆಲ್ಲ ಲಾಕ್‌ಡೌನ್ ಅನ್ನೋದಕ್ಕೆ ಮೊದಲೇ ನಮ್ಮ ಜಿಲ್ಲೆಯಲ್ಲಿ ಒಬ್ಬರಿಗೆ ಪಾಸಿಟಿವ್ ಬಂದು ಒಂದು ಊರನ್ನೇ ಸೀಲ್ ಮಾಡಿದ್ರು, 22ಕ್ಕೆ ಜನತಾ ಕರ್ಫ್ಯೂ, 24ರ ರಾತ್ರಿ ಪ್ರಧಾನಿ ಟಿವಿಯಲ್ಲಿ ಬಂದು 21 ದಿನ ಅಂದ್ರು, ಮಾಕುಟ್ಟದಲ್ಲಿ ಕೇರಳದ ದಾರಿ ಬಂದ್ ಆಯ್ತು. ನಾನು ಅದಕ್ಕೆ 10 ದಿನ ಮುಂಚೆ ಜೆಲ್ ಹಾಕಿಸ್ಕೊಂಡಿದ್ದೆ. 21 ದಿನ ತಾನೆ ಅಂದ್ಕೊಂಡೆ. ಏಪ್ರಿಲ್ ಅರ್ಧ ಕಳೆಯೋ ಹೊತ್ತಿಗೆ ಬುಡದಲ್ಲಿ ಜೋಳದ ಕಾಳಷ್ಟು ಬರೀ ಉಗುರು, ಮೇಲೆ ಮರೂನ್ ಬಣ್ಣ. ಏಪ್ರಿಲ್ ಕೊನೆಗೆ ಅಂಚು ಏಳೋಕೆ ಶುರುವಾಯ್ತು. ತಲೆ ಬಾಚೋವಾಗ ಎದ್ದ ಮೂಲೆಗೆ ಕೂದಲು ಸಿಕ್ಕಾಕೊಳ್ಳೋದು, ಪಾತ್ರೆ ತೊಳೆದ್ರೆ ಒಳಗೆ ನೀರು ಹೋಗಿ ಅಲ್ಲೇ ನಿಲ್ಲೋದು, ಹಿಟ್ಟು ಕಲಸಿದ್ರೆ ಹಿಟ್ಟು ಒಳಗೆ. ಮನೆಯಲ್ಲಿದ್ದ ರಿಮೂವರ್ ಹಾಕಿ ಹಾಕಿ ಉಜ್ಜಿದೆ, ಜೆಲ್ ಅದಕ್ಕೆಲ್ಲ ಜಗ್ಗಲ್ಲ. ಒಂದು ಮಧ್ಯಾಹ್ನ ಮಳೆ ಬಂದು ಕರೆಂಟ್ ಹೋಗಿತ್ತು, ಹಿತ್ತಲ ಬಾಗಿಲಲ್ಲಿ ಕೂತು ಹೆಬ್ಬೆರಳಿಂದು ಮೂಲೆ ಹಿಡಿದು ಎಳೆದೆ, ಹಲಸಿನ ತೊಳೆಯಿಂದ ನಾರು ಬಿಡಿಸಿದ ಹಾಗೆ ಸರಕ್ ಅಂತ ಪೂರ್ತಿ ಬಂತು. ಖುಷಿಯಾಗಿ ಹತ್ತೂ ಎಳೆದು ಹಾಕಿದೆ.

ಎಳೆದಾದ ಮೇಲೆ ನೋಡಿದ್ರೆ ಜೆಲ್ ತುಂಡಿನ ಕೆಳಗಡೆ ಬಿಳಿ ಪುಡಿ ಪುಡಿ ಹತ್ಕೊಂಡಿತ್ತು. ಅದು ನನ್ನ ಉಗುರೇ. ಮೇಲಿನ ಪದರ ಜೆಲ್ ಜೊತೆ ಕಿತ್ತು ಬಂದಿತ್ತು. ಕೆಳಗೆ ಉಳಿದಿದ್ದ ಉಗುರು ಈರುಳ್ಳಿ ಒಳಸಿಪ್ಪೆ ಥರ ತೆಳ್ಳಗೆ, ಒತ್ತಿದ್ರೆ ಬಗ್ಗೋದು, ಸಂಜೆ ಹಸಿಮೆಣಸು ಹೆಚ್ಚಿದ್ರೆ ಬೆರಳು ಉರಿ ಅಂದ್ರೆ ಉರಿ, ನಿಂಬೆಹಣ್ಣು ಮುಟ್ಟೋಕೆ ಆಗ್ತಿರ್ಲಿಲ್ಲ, ಬಿಸಿ ಲೋಟ ಹಿಡಿದ್ರೆ ಕೈ ಹಿಂದಕ್ಕೆ ಬರೋದು. ಅತ್ತೆ ಕೊಬ್ಬರಿ ಎಣ್ಣೆ ಬಟ್ಟಲು ತಂದು ಮುಂದೆ ಇಟ್ರು, ಏನೂ ಮಾತಾಡ್ಲಿಲ್ಲ.

ಆಮೇಲೆ ಡಾಕ್ಟರ್ ಹತ್ರ ತಿಳ್ಕೊಂಡಿದ್ದು ಇಲ್ಲೇ ಹೇಳ್ತೀನಿ. ನಾವು ಪಾರ್ಲರ್‌ನಲ್ಲಿ ಕೂತು "ಉಗುರಿಗೆ ಒಂದೆರಡು ವಾರ ಉಸಿರಾಡೋಕೆ ಬಿಡ್ಬೇಕು" ಅಂತ ಮಾತಾಡ್ಕೊಳ್ತೀವಲ್ಲ, ಅದು ತಪ್ಪು ತಿಳುವಳಿಕೆ. ಉಗುರು ಅಂದ್ರೆ ಕೆರಟಿನ್ನಿನ ಸತ್ತ ಪದರಗಳು ಒತ್ತೊತ್ತಾಗಿ ಕೂತಿರೋದು, ಅದಕ್ಕೆ ಗಾಳಿಯಿಂದ ಏನೂ ಬೇಕಾಗಿಲ್ಲ, ಜೀವ ಇರೋದು ಬುಡದಲ್ಲಿ ಚರ್ಮದ ಒಳಗೆ, ಅಲ್ಲಿಗೆ ಬೇಕಾದ್ದೆಲ್ಲ ರಕ್ತದಿಂದ ಬರುತ್ತೆ. ಬಣ್ಣ ಹಚ್ಚಿದ್ರಿಂದ ಉಗುರು ಉಸಿರುಗಟ್ಟಲ್ಲ. ಹಾಳಾಗೋದು ತೆಗೆಯೋವಾಗ. ಅಸಿಟೋನ್‌ನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ ಮೆತ್ತಗಾದ ಮೇಲೆ ತಾನಾಗೇ ಬರೋ ಹಾಗೆ ತೆಗೀಬೇಕು, ಅರ್ಜೆಂಟ್ ಮಾಡಿ ಕೆರೆದ್ರೆ, ಮಿಷನ್ ಹಾಕಿ ಉಜ್ಜಿದ್ರೆ, ನನ್ನ ಥರ ಎಳೆದ್ರೆ ಪದರ ಪದರವಾಗಿ ಹೋಗುತ್ತೆ. ಮತ್ತೆ ಹಾಗೆ ಹೋದ ಪದರಕ್ಕೆ ಯಾವ ಸೀರಮ್ಮೂ ಯಾವ ಎಣ್ಣೆಯೂ ಜೀವ ಕೊಡಲ್ಲ, ಎಣ್ಣೆ ಹಚ್ಚಿದ್ರೆ ಒಣಗಿ ಸೀಳೋದು ಕಮ್ಮಿ ಆಗುತ್ತೆ ಅಷ್ಟೆ, ಬುಡದಿಂದ ಹೊಸದು ಬಂದು ಹಳೇದನ್ನ ಮುಂದಕ್ಕೆ ತಳ್ಳೋವರೆಗೆ ಕಾಯಬೇಕು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತೆ, ಪೂರ್ತಿ ಹೊಸದಾಗೋಕೆ ಹತ್ರ ಹತ್ರ 6 ತಿಂಗಳು, ಕಾಲಿನ ಹೆಬ್ಬೆರಳಾದ್ರೆ ವರ್ಷ ಒಂದೂವರೆ ವರ್ಷ. ಈಗ ಲೆಕ್ಕ ಹಾಕಿ, 3 ವಾರಕ್ಕೊಂದು ಸಲ ಕೆರೆಸಿಕೊಳ್ಳೋ ಉಗುರಿಗೆ ಈ ಮಧ್ಯೆ ಸಿಗೋ ಹೊಸ ಜಾಗ 2 ಮಿಲಿಮೀಟರ್. ನಾನು ವರ್ಷಗಟ್ಟಲೆ ನನ್ನ ಸ್ವಂತ ಉಗುರು ಹೇಗಿದೆ ಅಂತಾನೇ ನೋಡಿರ್ಲಿಲ್ಲ.

ಲಾಕ್‌ಡೌನ್‌ನಲ್ಲಿ ನೋಡಿದೆ, ಬೇರೆ ದಾರಿ ಇರ್ಲಿಲ್ಲ. ಸುಣ್ಣ ಹಚ್ಚಿದ ಹಾಗಿದ್ದ ಬಿಳಿ ಕಲೆ ವಾರ ವಾರಕ್ಕೆ ಮುಂದಕ್ಕೆ ಸರಿಯೋದು, ಅದರ ಹಿಂದಿಂದ ನಸುಗೆಂಪು ಉಗುರು ಬರೋದು. ಆಗಸ್ಟ್‌ನಲ್ಲಿ ಕಕ್ಕಡ 18ಕ್ಕೆ, ಅಂದ್ರೆ ಕೊಡವರ ಕಕ್ಕಡ ತಿಂಗಳ 18ನೇ ದಿನಕ್ಕೆ, ಮದ್ದು ಸೊಪ್ಪು ತಂದು ಬೇಯಿಸಿ ಹಿಂಡಿದ್ವಿ, ಹಸಿರು ಸೊಪ್ಪಿನ ನೀರು ನೇರಳೆ ಬಣ್ಣಕ್ಕೆ ತಿರುಗೋದನ್ನ ಎಷ್ಟು ವರ್ಷದಿಂದ ನೋಡ್ತಾ ಇದ್ರೂ ಪ್ರತಿ ಸಲ ಆಶ್ಚರ್ಯನೇ, ಹಿಂಡಿದ ಕೈಯೆಲ್ಲ ನೇರಳೆ, ಆ ವರ್ಷ ಮೊದಲನೇ ಸಲ ನನ್ನ ಉಗುರಿಗೂ ಆ ಬಣ್ಣ ಹತ್ತಿತು. ಅದಾಗಿ ಎರಡು ಮೂರು ದಿನಕ್ಕೇ ತಲಕಾವೇರಿಯಲ್ಲಿ ಬೆಟ್ಟ ಕುಸಿದ ಸುದ್ದಿ ಬಂತು, ಆ ಮಳೆಯಲ್ಲಿ ಉಗುರಿನ ಯೋಚನೆ ಯಾರಿಗಿತ್ತು. ಸೆಪ್ಟೆಂಬರ್ 3ಕ್ಕೆ ಕೈಲ್‌ಮುಹೂರ್ತ ಹಬ್ಬ, ಪಕ್ಕದ ಮನೆಯವರು ಕಡಂಬಿಟ್ಟು ಕಟ್ಟೋಕೆ ಕರೆದ್ರು. ಬೆಂದ ಅಕ್ಕಿ ತರಿ ಬಿಸಿ ಇರೋವಾಗಲೇ ಅಂಗೈಯಲ್ಲಿ ಉಂಡೆ ಕಟ್ಟಬೇಕು, ಉಗುರು ತಾಗಿದ್ರೆ ಗೀರು ಬೀಳುತ್ತೆ, ಮುಂಚೆ ಎಲ್ಲ ವರ್ಷ ನಾನು ಕಟ್ಟಿದ ಉಂಡೆ ನೋಡಿದ ತಕ್ಷಣ ಗೊತ್ತಾಗೋದು. ಆ ಸಲ ಒಂದರಲ್ಲೂ ಗೀರಿರ್ಲಿಲ್ಲ. ಸಂಜೆ ಮನೆಗೆ ಬಂದು ದೀಪದ ಹತ್ರ ಕೈ ಹಿಡಿದು ನೋಡ್ಕೊಂಡೆ, ಹತ್ತೂ ಉಗುರು ತುದಿವರೆಗೆ ಹೊಸದು. ನಿಜ ಹೇಳ್ತೀನಿ, ಚೆನ್ನಾಗಿತ್ತು.

ಆದ್ರೂ ಮತ್ತೆ ಹೋದೆ. ಇದನ್ನ ಮುಚ್ಚಿಡೋಕೆ ಇಷ್ಟ ಇಲ್ಲ. ನಮ್ಮ ರಾಜ್ಯದಲ್ಲಿ 2020ರ ಮೇ 19ಕ್ಕೇ ಸಲೂನ್ ಪಾರ್ಲರ್ ತೆಗೀಬಹುದು ಅಂತ ಆಗಿತ್ತು, ನಾನು ಡಿಸೆಂಬರ್‌ವರೆಗೂ ತಡೆದಿದ್ದೆ, ಒಂದು ಮದುವೆ ಬಂತು, ಹೋದೆ, ಹೋದಾಗ ಅಲ್ಲೇ ಮುಂದಿನ ತಾರೀಖು ಬರ್ಕೊಂಡು ಬಂದೆ, ಅಷ್ಟೇ, ಮತ್ತೆ ಶುರು. ಆಫೀಸಲ್ಲಿ ಜೊತೆಯವರು ಬರೀ ಉಗುರು ನೋಡಿ "ಏನಾಯ್ತು, ಹುಷಾರಿಲ್ವಾ" ಅಂತಾರೆ, ಐಬ್ರೋ ಮಾಡಿಸದಿದ್ರೆ "ಮನೆಯಲ್ಲಿ ಏನಾದ್ರೂ ಪ್ರಾಬ್ಲಮ್ಮಾ" ಅಂತಾರೆ, ಹೆಂಗಸಿನ ಮುಖ ಕೈ ಯಾವಾಗಲೂ ರೆಡಿ ಇರಬೇಕು ಅನ್ನೋದು ಒಂದು ರೂಲ್ ಆಗಿಬಿಟ್ಟಿದೆ, ಗಂಡಸರು ಮಾಡಿದ ರೂಲ್ ಅಂತ ಹೇಳೋಕೂ ಆಗಲ್ಲ, ನಮ್ಮ ಮನೆಯವರಿಗೆ ನನ್ನ ಉಗುರು ಯಾವ ಬಣ್ಣ ಅಂತ ಇವತ್ತಿಗೂ ಗೊತ್ತಿರಲ್ಲ.

2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ, ಮತ್ತೆ ಎಲ್ಲ ಮುಚ್ತಾರೆ ಅಂತ ಸುದ್ದಿ ಬಂತು, ಬೇರೆಯವರು ಅಕ್ಕಿ ಬೇಳೆ ತರೋಕೆ ಓಡಿದ್ರೆ ನಾನು ಅದರ ಜೊತೆ ಪಾರ್ಲರ್‌ಗೂ ಓಡಿದೆ, ಈ ಸಲ ಎಷ್ಟು ದಿನಾನೋ ಏನೋ, ಮಾಡಿಸ್ಕೊಂಡು ಬಂದುಬಿಡೋಣ ಅಂತ. ಕಡು ನೀಲಿ ಜೆಲ್. 27ರ ರಾತ್ರಿಯಿಂದ ಬಂದ್. ಮೇ ಎರಡನೇ ವಾರ ನನಗೆ ಜ್ವರ, ಟೆಸ್ಟ್ ಪಾಸಿಟಿವ್, ಮನೆಯಲ್ಲೇ ಬೇರೆ ರೂಮು. ಆಶಾ ಕಾರ್ಯಕರ್ತೆ ಬಂದು ಬಾಗಿಲ ಹತ್ರ ನಿಂತು ಆಕ್ಸಿಮೀಟರ್ ಕೊಟ್ಟು ಬೆರಳಿಗೆ ಹಾಕ್ಕೊಳ್ಳಿ ಅಂದ್ರು. ಹಾಕಿದೆ. ಗೆರೆ ಗೆರೆ ಬಂತು, 88 ತೋರಿಸ್ತು, ಹೋಯ್ತು, 85 ತೋರಿಸ್ತು. 94ಕ್ಕಿಂತ ಕಮ್ಮಿ ಆದ್ರೆ ಆಸ್ಪತ್ರೆ ಅಂತ ಎಲ್ಲರ ಬಾಯಲ್ಲೂ ಇದ್ದ ಕಾಲ ಅದು, ಬೆಡ್ ಇಲ್ಲ ಆಕ್ಸಿಜನ್ ಇಲ್ಲ ಅಂತ ದಿನಾ ಟಿವಿಯಲ್ಲಿ ನೋಡ್ತಿದ್ವಿ. ನಮ್ಮ ಮನೆಯವರು ಅಂಗಳದಲ್ಲಿ ಜೀಪಿನ ಕೀ ಕೈಯಲ್ಲಿ ಹಿಡ್ಕೊಂಡು ನಿಂತಿದ್ರು, ಕೀ ಗಲಗಲ ಅನ್ನೋ ಸದ್ದು ನನಗೆ ಒಳಗಿಂದ ಕೇಳಿಸ್ತಿತ್ತು. ಆ ತಾಯಿ ನನ್ನ ಕೈ ನೋಡಿ "ಅಕ್ಕ, ನೈಲ್ ಪಾಲಿಶ್ ಒರೆಸಿಬಿಡಿ ಫಸ್ಟು" ಅಂದ್ರು. ಒರೆಸೋಕೆ ಬರಲ್ಲ ಇದು ಅಂತ ಹೇಳೋವಾಗ ನನಗೆ ಅಳು ಬಂತು. ಅವರು ಒಂದು ನಿಮಿಷ ಯೋಚನೆ ಮಾಡಿ, ಬೆರಳನ್ನ ಅಡ್ಡಕ್ಕೆ ತಿರುಗಿಸಿ ಇಡಿ, ಉಗುರು ಪಕ್ಕಕ್ಕೆ ಬರ್ಲಿ ಅಂದ್ರು. ಹಾಗೆ ಇಟ್ಟೆ. 96.

ಆಕ್ಸಿಮೀಟರ್ ಅನ್ನೋದು ಬೆರಳಿನ ಒಂದು ಕಡೆಯಿಂದ ಕೆಂಪು ಬೆಳಕು, ಜೊತೆಗೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕು ಬಿಟ್ಟು ಇನ್ನೊಂದು ಕಡೆ ಎಷ್ಟು ಬಂತು ಅಂತ ಅಳೆಯೋ ಮಿಷನ್, ಮಧ್ಯೆ ಕಡು ಬಣ್ಣ ಅಡ್ಡ ಬಂದ್ರೆ ಲೆಕ್ಕ ತಪ್ಪಬಹುದು. ಸಾಮಾನ್ಯ ಪಾಲಿಶ್ ಆದ್ರೆ ಒಂದು ನಿಮಿಷದಲ್ಲಿ ಒರೆಸಬಹುದು. ಹೆರಿಗೆಗೆ, ಆಪರೇಷನ್‌ಗೆ ಹೋಗೋವಾಗ ಉಗುರ ಬಣ್ಣ ತೆಗೆದು ಬನ್ನಿ ಅಂತ ನರ್ಸ್‌ಗಳು ಹೇಳೋದೂ ಇದಕ್ಕೇ. ಆಪತ್ತಿನ ಹೊತ್ತಲ್ಲಿ ನನ್ನ ಮೈಮೇಲೆ ನನಗೇ ತೆಗೆಯೋಕಾಗದ ಒಂದು ವಸ್ತು ಇದೆ ಅಂತ ಆವತ್ತು ಗೊತ್ತಾಯ್ತು. ನಮ್ಮ ಜಿಲ್ಲೆಗೆ ಲಾಕ್‌ಡೌನ್ ಬೇರೆ ಕಡೆಗಿಂತ ಜಾಸ್ತಿ ದಿನ ಎಳೀತು, ಜೂನ್ 14ಕ್ಕೆ ಉಳಿದ ಕಡೆ ಸಡಿಲ ಆದಾಗಲೂ ಕೊಡಗು ಸೇರಿ 11 ಜಿಲ್ಲೆಗೆ ಆಗ್ಲಿಲ್ಲ. ಆ ಜೆಲ್ಲನ್ನ ಈ ಸಲ ಎಳೀಲಿಲ್ಲ, ಬೆಳೆದಷ್ಟು ಬೆಳೆದಷ್ಟು ಕತ್ತರಿಸ್ತಾ ಹೋದೆ.

ಈಗ ಪಾರ್ಲರ್ ಅಕ್ಕನ ವಿಷಯ, ಇದನ್ನ ಬರೀದೆ ಹೋದ್ರೆ ಅನ್ಯಾಯ ಆಗುತ್ತೆ. ನಾನು ಹೋಗೋ ಪಾರ್ಲರ್ ನಡೆಸೋರು ಒಬ್ಬರೇ ಹೆಂಗಸು, ಇಬ್ಬರು ಮಕ್ಕಳನ್ನ ಅದರಲ್ಲೇ ಓದಿಸಿದ್ದಾರೆ. ಅವರ ಮನೆ ಕುಶಾಲನಗರದ ತಗ್ಗಿನ ಬಡಾವಣೆಯಲ್ಲಿ, 2018ರಲ್ಲಿ ಕಾವೇರಿ ನೀರು ಮನೆಗೆ ಬಂತು, 2019ರಲ್ಲಿ ಮತ್ತೆ ಬಂತು, ಒಣಗಿಸಿ ಸುಣ್ಣ ಬಳಿಸಿ ಉಸಿರು ಬಿಡೋ ಹೊತ್ತಿಗೆ ಲಾಕ್‌ಡೌನ್. ಅಂಗಡಿ ಬಾಡಿಗೆ ಮಾತ್ರ ನಿಲ್ಲಲ್ಲ. 2020ರ ಮೇನಲ್ಲಿ ಸರ್ಕಾರ 2 ಲಕ್ಷ 30 ಸಾವಿರ ಕ್ಷೌರಿಕರಿಗೆ ತಲಾ 5 ಸಾವಿರ ಅಂತ ಘೋಷಣೆ ಮಾಡಿದಾಗ ಅಕ್ಕ ಫೋನ್ ಮಾಡಿ "ಇದರಲ್ಲಿ ನಮ್ಮ ಲೇಡೀಸ್ ಪಾರ್ಲರ್ ಬರುತ್ತಾ, ನೀವು ಆಫೀಸಲ್ಲಿರೋರು, ಸ್ವಲ್ಪ ಕೇಳಿ ಹೇಳಿ" ಅಂದಿದ್ರು. ಹಾಗಿರೋವಾಗ ಪಾರ್ಲರ್‌ಗೆ ಹೋಗ್ಬೇಡಿ ಅಂತ ಬರೆಯೋಕೆ ನನ್ನ ಕೈ ಬರಲ್ಲ, ಹಾಗಂತ ಬರೀತಾನೂ ಇಲ್ಲ.

ಅಕ್ಕನ ಕೈ ನೋಡಿದೀನಿ. ತೋರುಬೆರಳು ಹೆಬ್ಬೆರಳ ಒಳಗಡೆ ಚರ್ಮ ಒಡೆದು ಬಿರುಕು, ಚಳಿಗಾಲಕ್ಕೆ ಒಡೆದಿದ್ದು ಅಂತ ಅವರು ಹೇಳ್ತಿದ್ರು, ಏಪ್ರಿಲ್ ಬಂದ್ರೂ ವಾಸಿ ಆಗ್ತಿರ್ಲಿಲ್ಲ. 2020ರಲ್ಲಿ 2 ತಿಂಗಳು ಪಾರ್ಲರ್ ಮುಚ್ಚಿದಾಗ ತಾನಾಗೇ ವಾಸಿ ಆಯ್ತಂತೆ, ಮತ್ತೆ ಪಾರ್ಲರ್ ಬಾಗಿಲು ತೆಗೆದ 3 ವಾರಕ್ಕೆ ವಾಪಸ್. ನಮಗೆ 3 ವಾರಕ್ಕೊಂದು ಸಲ ತಾಗೋ ಜೆಲ್ ಅವರಿಗೆ ದಿನಾ ತಾಗುತ್ತೆ, ಫೈಲ್ ಮಾಡೋವಾಗ ಹಾರೋ ಪುಡಿ ಅವರ ಮೂಗಿಗೇ ಹೋಗೋದು, ಅಸಿಟೋನ್ ವಾಸನೆ ಕುಡಿಯೋದೂ ಅವರೇ, ಮಳೆಗಾಲದಲ್ಲಿ ಎರಚಲು ಅಂತ ಕಿಟಕಿ ಬೇರೆ ಹಾಕಿರ್ತಾರೆ. ತೆಳ್ಳಗಿನ ಗ್ಲೌಸ್ ಹಾಕಿದ್ರೂ ಈ ಕೆಮಿಕಲ್ ಸ್ವಲ್ಪ ಹೊತ್ತಲ್ಲೇ ಒಳಗೆ ಇಳಿಯುತ್ತೆ, ಆಗಾಗ ಬದಲಾಯಿಸ್ತಾ ಇರಬೇಕು. "ಕಸ್ಟಮರ್ ಟೈಮ್ ನೋಡ್ತಾ ಕೂತ್ರೆ ನೆನೆಸೋಕೆ 15 ನಿಮಿಷ ಎಲ್ಲಿ ಬಿಡ್ತಾರೆ ಮೇಡಂ, ಬೇಗ ಬೇಗ ಅಂತಾರೆ, ಕೆರೀಲೇಬೇಕಾಗುತ್ತೆ" ಅಂತ ಅಕ್ಕ ಒಂದಿನ ಅಂದ್ರು. ಆ ಬೇಗ ಬೇಗ ಅಂದವರಲ್ಲಿ ನಾನೂ ಒಬ್ಬಳು.

ಇನ್ನು ನಮ್ಮ ಹುಡುಗಿ ವಿಷಯಕ್ಕೆ ಬರ್ತೀನಿ. ಹೋದ ಜುಲೈ ಆಗಸ್ಟ್‌ನಲ್ಲಿ ಮಳೆಗೆ ಕಾಲೇಜಿಗೆ ರಜ ಕೊಡ್ತಾನೇ ಇದ್ರಲ್ಲ, ಆ ಟೈಮಲ್ಲಿ ಆನ್‌ಲೈನ್‌ನಲ್ಲಿ 900 ರೂಪಾಯಿಗೆ ಒಂದು ಜೆಲ್ ಕಿಟ್ ತರಿಸಿದ್ಲು, 6 ಬಾಟಲಿ, ಅಂಗೈ ಅಗಲದ ಒಂದು ಲ್ಯಾಂಪು. ಚಿಕ್ಕಮ್ಮ ಪಾರ್ಲರ್‌ಗೆ ಅಷ್ಟೊಂದು ಕೊಡ್ತಿದ್ರು, ನಾನು 900ಕ್ಕೆ ವರ್ಷ ಪೂರ್ತಿ ಮಾಡ್ಕೊಳ್ತೀನಿ ಅಂತ ಅವಳ ಲೆಕ್ಕ. ವಾರಕ್ಕೊಂದು ಸಲ ಬಣ್ಣ ಬದಲಾಯಿಸಿದ್ಲು, ಫ್ರೆಂಡ್ಸ್‌ಗೂ ಹಾಕಿದ್ಲು. ಮೊದಲು ನಾಲ್ಕೈದು ಸಲ ಏನೂ ಆಗ್ಲಿಲ್ಲ, ಅದೇ ಇದರಲ್ಲಿರೋ ಮೋಸ. ಮೈ ಮೊದಲು ಗುರುತು ಹಿಡ್ಕೊಳ್ಳುತ್ತೆ, ಆಮೇಲೆ ತಿರುಗಿಬೀಳುತ್ತೆ. ಸೆಪ್ಟೆಂಬರ್‌ಗೆ ಉಗುರಿನ ಸುತ್ತ ತುರಿಕೆ, ಆಮೇಲೆ ಸಣ್ಣ ಸಣ್ಣ ನೀರುಗುಳ್ಳೆ, ಉಗುರು ಬುಡದಿಂದ ಎದ್ದಿತ್ತು, ಆ ಬೆರಳಲ್ಲಿ ಮುಖ ಮುಟ್ಟಿದ್ದಕ್ಕೆ ಕಣ್ಣಿನ ರೆಪ್ಪೆ ಊದಿತ್ತು. ಊರಲ್ಲಿ ಎಲ್ಲರೂ ಉಗುರುಸುತ್ತು ಅಂದ್ರು, ಓರಗಿತ್ತಿ ನಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಸಿಕ್ಕಿಸಿದ್ರು, ಪಾಪ ಇನ್ನೂ ಉರಿ ಜಾಸ್ತಿ ಆಯ್ತು.

ಮೈಸೂರಿಗೆ ಚರ್ಮದ ಡಾಕ್ಟರ್ ಹತ್ರ ಕರ್ಕೊಂಡು ಹೋದ್ವಿ. ಬೆನ್ನ ಮೇಲೆ ಸಾಲಾಗಿ ಸಣ್ಣ ಸಣ್ಣ ಬಿಲ್ಲೆ ಅಂಟಿಸಿ 2 ದಿನ ಬೆನ್ನಿಗೆ ನೀರು ಸೋಕಿಸಬೇಡ ಅಂತ ಕಳಿಸಿದ್ರು, ಮತ್ತೆ ಹೋಗಿ ತೋರಿಸಿದ್ವಿ, ಇನ್ನೂ 2 ದಿನ ಬಿಟ್ಟು ಮತ್ತೆ ಹೋದ್ವಿ, ಇದಕ್ಕೆ ಪ್ಯಾಚ್ ಟೆಸ್ಟ್ ಅಂತಾರೆ. ಜೆಲ್‌ನಲ್ಲಿರೋ ಅಕ್ರಿಲೇಟ್ ಜಾತಿ ಕೆಮಿಕಲ್‌ಗೆ ಅಲರ್ಜಿ, ಅದರಲ್ಲೂ ಹೆಮಾ ಅನ್ನೋದಕ್ಕೆ. ಡಾಕ್ಟರ್ ಬಿಡಿಸಿ ಹೇಳಿದ್ರು, ಜೆಲ್ ಬಾಟಲಿಯಲ್ಲಿರೋವಾಗ ಹಸಿ, ಲ್ಯಾಂಪಿನ ಬೆಳಕಲ್ಲಿ ಪೂರ್ತಿ ಗಟ್ಟಿಯಾದ ಮೇಲೆ ತೊಂದರೆ ಕಮ್ಮಿ, ಲ್ಯಾಂಪು ಸರಿ ಇಲ್ಲದೆ ಅರೆಬರೆ ಗಟ್ಟಿಯಾದ್ರೆ, ಹಚ್ಚೋವಾಗ ಸುತ್ತಲಿನ ಚರ್ಮಕ್ಕೆ ತಾಗಿದ್ರೆ, ಅಲ್ಲಿಂದಲೇ ಅಲರ್ಜಿ ಶುರು. ಮನೆಯಲ್ಲಿ ಎಡಗೈಯಿಂದ ಬಲಗೈಗೆ ಹಚ್ಚೋವಾಗ ಚರ್ಮಕ್ಕೆ ತಾಗದೆ ಇರೋಕೆ ಸಾಧ್ಯನೇ ಇಲ್ಲ. ಒಂದು ಸಲ ಅಲರ್ಜಿ ಬಂದ್ರೆ ಸಾಮಾನ್ಯವಾಗಿ ಜೀವನಪೂರ್ತಿ. ಹಲ್ಲಿಗೆ ಫಿಲ್ಲಿಂಗ್ ಮಾಡೋ ವಸ್ತುವಲ್ಲಿ, ಮಂಡಿ ಸೊಂಟದ ಆಪರೇಷನ್‌ನಲ್ಲಿ ಬಳಸೋ ಸಿಮೆಂಟಲ್ಲಿ ಇದೇ ಜಾತಿ ಕೆಮಿಕಲ್ ಇರುತ್ತೆ, ಅದಕ್ಕೆ ಮುಂದೆ ಯಾವ ಡಾಕ್ಟರ್ ಹತ್ರ ಹೋದ್ರೂ ಇದನ್ನ ಹೇಳಲೇಬೇಕು ಅಂತ ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಟ್ರು. 17 ವರ್ಷದ ಹುಡುಗಿ ಆ ಚೀಟಿನ ಪರ್ಸಲ್ಲಿ ಇಟ್ಕೊಂಡು ಓಡಾಡ್ತಾ ಇದ್ದಾಳೆ.

ಇದು ನಮ್ಮ ಮನೆಯೊಂದರ ಕಥೆ ಅಂದ್ಕೋಬೇಡಿ. ಬ್ರಿಟನ್ನಿನ ಚರ್ಮದ ಡಾಕ್ಟರ್‌ಗಳ ಸಂಘ 2018ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು, ಅಲ್ಲಿ ಟೆಸ್ಟ್ ಮಾಡಿಸ್ಕೊಂಡವರಲ್ಲಿ 2.4% ಜನಕ್ಕೆ ಈ ಜಾತಿಯ ಒಂದಾದ್ರೂ ಕೆಮಿಕಲ್‌ಗೆ ಅಲರ್ಜಿ ಇತ್ತು. ಯುರೋಪ್ ಒಕ್ಕೂಟದಲ್ಲಿ ಹೆಮಾ ಇರೋ ಉಗುರಿನ ಸಾಮಾನು ಕೆಲಸ ಗೊತ್ತಿರೋ ಪ್ರೊಫೆಶನಲ್‌ಗಳು ಮಾತ್ರ ಬಳಸಬೇಕು ಅಂತ ರೂಲ್ ಇದೆ, ಜೆಲ್ಲನ್ನ ಗಟ್ಟಿ ಮಾಡೋಕೆ ಹಾಕ್ತಿದ್ದ ಟಿಪಿಓ ಅನ್ನೋ ಇನ್ನೊಂದು ಕೆಮಿಕಲ್ಲನ್ನ 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಪೂರ್ತಿ ನಿಲ್ಲಿಸಿದ್ದಾರೆ. ಲ್ಯಾಂಪಿನ ಬಗ್ಗೆ ಹೇಳೋದಾದ್ರೆ 2023ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಲ್ಯಾಬ್‌ನಲ್ಲಿ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಕ್ಕೆ ಈ ಬೆಳಕು 20 ನಿಮಿಷ ಬಿಟ್ಟಾಗ ನೂರಕ್ಕೆ 20ರಿಂದ 30 ಸತ್ತವು, ಉಳಿದವುಗಳ ಡಿಎನ್‌ಎಗೂ ಪೆಟ್ಟಾಗಿತ್ತು ಅಂತ ಪ್ರಕಟಿಸಿದ್ರು. ಅದು ತಟ್ಟೆಯಲ್ಲಿದ್ದ ಜೀವಕೋಶ, ಮನುಷ್ಯರ ಕೈ ಅಲ್ಲ, ನಾವು 20 ನಿಮಿಷ ಒಂದೇ ಸಮ ಇಡೋದೂ ಇಲ್ಲ, ಅದರಿಂದ ಜೆಲ್ ಹಾಕಿಸಿದ್ರೆ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪಲ್ಲಿ ಬಂದ್ರೆ ನಂಬಬೇಡಿ. ಬೆರಳ ತುದಿ ಮಾತ್ರ ಬಿಟ್ಟು ಉಳಿದ ಕೈ ಮುಚ್ಚೋ ಗ್ಲೌಸ್ ಹಾಕ್ಕೊಳ್ಳಿ, ಇಲ್ಲ ಮೊದಲೇ ಸನ್‌ಸ್ಕ್ರೀನ್ ಹಚ್ಚಿ ಅಂತ ಡಾಕ್ಟರ್ ಹೇಳ್ತಾರೆ, ಅಷ್ಟು ಮಾಡಿದ್ರೆ ಆಯ್ತು.

ಬಿಳಿ ಆಗೋ ಕ್ರೀಮಿನ ಬಗ್ಗೆ ಒಂದೇ ಮಾತು. ನಮ್ಮ ಪಕ್ಕದ ಕೇರಳದ ಕೋಟಕ್ಕಲ್‌ನ ಕಿಡ್ನಿ ಡಾಕ್ಟರ್‌ಗಳು 2021ರಿಂದ 2023ರೊಳಗೆ ನೋಡಿದ ಒಂದು ಅಪರೂಪದ ಕಿಡ್ನಿ ಕಾಯಿಲೆಯ 15 ಜನರಲ್ಲಿ 13 ಜನ ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದವರು, ಕಾರಣ ಅದರಲ್ಲಿದ್ದ ಪಾದರಸ. ಲೇಬಲ್ ಸರಿ ಇಲ್ಲದ ಡಬ್ಬಿನ ದಯವಿಟ್ಟು ಮನೆಗೆ ತರಬೇಡಿ.

ಕೊಡಗಿನವರಿಗೆ ಅಂತಾನೇ ಹೇಳಬೇಕಾದ್ದು ಇನ್ನೊಂದಿದೆ, ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಲ್ಲ, ಗೋಡೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಇನ್ನು ಎದ್ದಿರೋ ಜೆಲ್ ಕೆಳಗೆ ನಿಂತ ನೀರು ಏನಾಗಬೇಕು. ಅಲ್ಲಿ ಬ್ಯಾಕ್ಟೀರಿಯಾ ಬೆಳೆದು ಉಗುರು ಪಾಚಿ ಹಸಿರಿಗೆ ತಿರುಗುತ್ತೆ, ಮೇಲೆ ಬಣ್ಣ ಇರೋದ್ರಿಂದ ತೆಗೆಯೋವರೆಗೆ ಗೊತ್ತೇ ಆಗಲ್ಲ. ನಾಟಿ ಟೈಮಲ್ಲಿ ಗದ್ದೆಗಿಳಿಯೋರು, ಹಸು ನೋಡೋರು, ಹೋಂಸ್ಟೇನಲ್ಲಿ ದಿನಕ್ಕೆ ಹತ್ತು ಸಲ ಪಾತ್ರೆ ತೊಳೆಯೋರು ಮಳೆಗಾಲದಲ್ಲಾದ್ರೂ ಇದನ್ನ ಪೂರ್ತಿ ಬಿಡೋದು ಒಳ್ಳೇದು. ಮತ್ತೆ ಪೆಡಿಕ್ಯೂರ್ ಮೆನಿಕ್ಯೂರ್ ಅಂತ ಕೂತಾಗ ಉಗುರಿನ ಬುಡದ ತೆಳ್ಳನೆ ಚರ್ಮ ಕತ್ತರಿಸೋಕೆ ಬಿಡಬೇಡಿ, ಬುಡಕ್ಕೆ ನೀರು ರೋಗಾಣು ಇಳಿಯದ ಹಾಗೆ ಅಂಟು ಹಾಕಿ ಮುಚ್ಚಿರೋದು ಅದೇ, ಕತ್ತರಿಸಿದ ಮೇಲೆ ಉಗುರುಸುತ್ತು ಬರೋದು ಸುಲಭ.

ಇಷ್ಟೆಲ್ಲ ಆಗಿ ನಾನೇನು ಮಾಡ್ತಾ ಇದೀನಿ ಅಂದ್ರೆ, ತಾರೀಖು ಬರ್ಕೊಂಡು ಬರೋದು ನಿಲ್ಲಿಸಿದೀನಿ. ಐಬ್ರೋ ಬೇಕು ಅನ್ನಿಸಿದಾಗ ಹೋಗ್ತೀನಿ. ಫೇಶಿಯಲ್ ವರ್ಷಕ್ಕೆರಡು ಸಲ, ಅದೂ ಆ ಒಂದು ಗಂಟೆ ಕಣ್ಣು ಮುಚ್ಚಿ ಮಲಗೋ ಆಸೆಗೆ, ಅದನ್ನ ಬಿಡೋಕೆ ನನಗೆ ಇಷ್ಟ ಇಲ್ಲ. ಜೆಲ್ ಬಿಟ್ಟೆ. ಅದರ ಬದಲು ಅಕ್ಕನ ಹತ್ರ ಒಂದು ಮಾತಾಡ್ಕೊಂಡೆ, ಉಗುರು ಕತ್ತರಿಸಿ, ಒಂದೇ ದಿಕ್ಕಿಗೆ ನಯವಾಗಿ ಫೈಲ್ ಮಾಡಿ, ಬಿಸಿ ಮಾಡಿದ ಕೊಬ್ಬರಿ ಎಣ್ಣೆ ಹಚ್ಚಿ ಮೊಣಕೈವರೆಗೆ ಅರ್ಧ ಗಂಟೆ ನೀವಿ ಕೊಡಿ, ಎಷ್ಟಾಗುತ್ತೆ ಹೇಳಿ ಅಂದೆ. ಅವರು 150 ಅಂದ್ರು, ನಾನು 400 ಕೊಡ್ತೀನಿ ಅಂದೆ, ನಿಮ್ಮ ಅರ್ಧ ಗಂಟೆ ಅದು, ಬಾಟಲಿಗಲ್ಲ ದುಡ್ಡು ನಿಮ್ಮ ಕೈಗೆ ಅಂದೆ. ಈಗ ಬೋರ್ಡ್ ಮೇಲೆ ಅದನ್ನೂ ಬರೆದಿದ್ದಾರೆ, ಕಾಫಿ ಕೊಯ್ಲಿಗೆ ಹೋಗೋ ಹೆಂಗಸರು ಸಂತೆ ದಿನ ಬಂದು ಕೂರ್ತಾರಂತೆ, ಹಣ್ಣಿನ ಕಲೆ ಹತ್ತಿ ಕಪ್ಪಾದ ಕೈ ಹಿಡಿದು ನೀವೋದು ತನಗೂ ಇಷ್ಟ ಅಂದ್ರು ಅಕ್ಕ. ಜಿಲ್ಲೆಯ ಬೇರೆ ಪಾರ್ಲರ್‌ನವರೂ ಇಂಥದ್ದೊಂದು ಇಡಲಿ, ನಾವು ಗಿರಾಕಿಗಳೂ ಕೆಮಿಕಲ್‌ಗೆ ಕೊಡೋ ದುಡ್ಡನ್ನ ಇದಕ್ಕೆ ಚೌಕಾಸಿ ಮಾಡದೆ ಕೊಡೋಣ ಅನ್ನೋದು ನನ್ನ ಕೇಳಿಕೆ.

ಪುತ್ತರಿ ಸುಗ್ಗಿ ಹಬ್ಬ ಕಳೆದ್ರೆ ಮದುವೆಗಳು ಸಾಲಾಗಿ ಬರುತ್ತೆ. ಮದುಮಗಳು ಜೆಲ್ ಹಾಕಿಸ್ಕೋಬೇಕು ಅಂದ್ರೆ ಹಾಕಿಸ್ಕೊಳ್ಳಲಿ, ಒಂದು ಸಲಕ್ಕೆ ಏನೂ ತಪ್ಪಿಲ್ಲ, ಪಾರ್ಲರ್‌ನಲ್ಲೇ ಹಾಕಿಸ್ಕೊಳ್ಳಲಿ, ತೆಗೆಸೋಕೂ ಅಲ್ಲಿಗೇ ಹೋಗಿ 15 ನಿಮಿಷ ಸುಮ್ನೆ ಕೂರಲಿ, ಆಮೇಲೆ ಮುಂದಿನ ತಾರೀಖು ಬರೆಸದೆ ಎದ್ದು ಬರಲಿ. ಮದರಂಗಿ ಹಾಕೋದಾದ್ರೆ ಎಲೆ ಅರೆದು ಹಾಕಲಿ, ಅರ್ಧ ಗಂಟೆಗೆ ಕಪ್ಪಗೆ ಬಣ್ಣ ಬರುತ್ತೆ ಅನ್ನೋ ಕೋನ್ ಬೇಡ, ಮದರಂಗಿ ಎಲೆಯ ಬಣ್ಣ ಕೆಂಪೇ ಹೊರತು ಕಪ್ಪಲ್ಲ, ಕಪ್ಪು ಬರೋದು ತಲೆಗೆ ಹಾಕೋ ಡೈನ ಕೆಮಿಕಲ್‌ನಿಂದ, ಅದರಿಂದ ಚರ್ಮ ಸುಟ್ಟ ಹಾಗೆ ಗುಳ್ಳೆ ಏಳಬಹುದು. ಮನೆ ಮಕ್ಕಳಿಗೆ ಮಾತ್ರ ಆ ಆನ್‌ಲೈನ್ ಕಿಟ್ ಬೇಡ, ತಂದೆತಾಯಿ ಇದೊಂದು ನೋಡ್ಕೊಳ್ಳಿ. ನಿಮ್ಮ ಪತ್ರಿಕೆಯಲ್ಲಿ ಮದುವೆ ಸೀಸನ್‌ಗೆ ಮುಂಚೆ ಒಬ್ಬ ಚರ್ಮದ ಡಾಕ್ಟರ್ ಹತ್ರ ಇದರ ಬಗ್ಗೆ ಬರೆಸಿದ್ರೆ ನಾನು ಹೇಳಿದ್ದಕ್ಕಿಂತ ಜನ ಜಾಸ್ತಿ ಕೇಳ್ತಾರೆ.

ನಮ್ಮ ಹುಡುಗಿ ಬೆರಳಿನ ಊತ ಇಳಿದಿದೆ, ಕಣ್ಣು ಸರಿಯಾಗಿದೆ, ಬುಡದಿಂದ ಎದ್ದಿದ್ದ ಉಗುರು ಮುಂದಕ್ಕೆ ಹೋಗ್ತಾ ಇದೆ. ಪ್ರತಿ ಭಾನುವಾರ ಬೆಳಗ್ಗೆ ಕಿಟಕಿ ಹತ್ರ ಕೈ ಇಟ್ಟು ಫೋಟೋ ತೆಗೆದು ನನಗೆ ಕಳಿಸ್ತಾಳೆ, ಕೆಳಗೆ ಎಷ್ಟು ಮಿಲಿಮೀಟರ್ ಅಂತ ಸ್ಕೇಲ್ ಇಟ್ಟು ಅಳೆದು ಬರೆದಿರ್ತಾಳೆ. ಮೊನ್ನೆ ಭಾನುವಾರದ್ದು 7.

ಇಂತಿ ನಿಮ್ಮ ಓದುಗಳು,
ಸೋಮವಾರಪೇಟೆ ತಾಲೂಕು, ಕೊಡಗು